ಕರಿಯ ಕೇಳಿಸಿಕೊಂಡ ‘ತಕೋ’

2022ರ ಏಪ್ರಿಲ್ ತಿಂಗಳು. ಪ್ರಾಣಿಗಳ ವರ್ತನೆಯ ಸಂಶೋಧಕನಾಗಿ ಸೇವೆ ಮುಗಿಸಿ ನಾನು ಮಾಗಡಿಯಲ್ಲಿ ನೆಲೆಸಿದ್ದೆ. ಕಚ್ಚುವ ನಾಯಿಗಳ ವಿಚಾರ ಬಂದಾಗ ಪರಿಚಯದ ಪಶುವೈದ್ಯರೊಬ್ಬರು ನನ್ನನ್ನು ಕರೆಯುತ್ತಿದ್ದರು. ಸಾವನದುರ್ಗದ ತಪ್ಪಲಿನ ಕುರಿಗಾರ ಕೆಂಪಣ್ಣನವರ ಪ್ರಕರಣ ನನ್ನ ಬಳಿಗೆ ಬಂದದ್ದು ಹಾಗೆ.

ಯುಗಾದಿಯ ಮರುದಿನ, ಹೊಸತೊಡಕಿನಂದು, ಅವರ ಕುರಿರೊಪ್ಪದಲ್ಲಿ ಒಂದು ಮರಿ ಸತ್ತು ಬಿದ್ದಿತ್ತು. ಪಕ್ಕದಲ್ಲಿ ಕಾವಲು ನಾಯಿ ಕರಿಯ ನಿಂತಿತ್ತು. ಅದರ ಬಾಯಿ ರಕ್ತವಾಗಿತ್ತು. (ಪಂಚಾಂಗದೊಡನೆ ತಾಳೆ ನೋಡಿದ್ದೇನೆ: ಭಾನುವಾರ, ಏಪ್ರಿಲ್ 3.) ಕೆಂಪಣ್ಣ ಸತ್ತ ಮರಿಯನ್ನು ನಾಯಿಯ ಕೊರಳಿಗೆ ಕಟ್ಟಿ, ನಾಯಿಯನ್ನು ಕಂಬಕ್ಕೆ ಬಿಗಿದು ಹುಣಸೆ ಬರಲಿನಿಂದ ಹೊಡೆದರು. ಹೀಗೆ ಮಾಡಿದರೆ ನಾಯಿ ಮತ್ತೆ ಮರಿಯ ತಂಟೆಗೆ ಹೋಗದೆಂಬುದು ಅವರ ನಂಬಿಕೆ. ಬರಲು ಮುರಿದಾಗ ಗುದ್ದಲಿಯ ಕಾವು ಕೈಗೆ ಬಂತು. ನಾಯಿಯ ಎರಡು ಪಕ್ಕೆಲುಬು ಮುರಿದವು. ಮೂರನೆಯ ದಿನ ಅದು ಕೆಂಪಣ್ಣನವರ ಅಂಗೈಯನ್ನು ಸೀಳಿತು.

“ಇನ್ನೊಂದ್ಸಲ ಕಚ್ಲಿ ಸಾ, ಹೊಡ್ದಾಕ್ಬುಡ್ತೀನಿ. ಸಾಕಿದೋನೂ ನಾನೇ, ಮುಗ್ಸೋನೂ ನಾನೇ,” ಎಂದರು.

“ಮುಗ್ಸು ಮುಗ್ಸು. ಆಮೇಲೆ ಚಿರತೆ ಬಂದ್ರೆ ನೀನೇ ಬೊಗುಳ್ತಾ ಕೂತ್ಕೊ,” ಎಂದರು ಪತ್ನಿ ಗೌರಮ್ಮ.

ನಾನು ಸೂಚಿಸಿದ್ದು ‘ಪಾಸಿಟಿವ್ ರಿಇನ್‌ಫೋರ್ಸ್‌ಮೆಂಟ್’ ವಿಧಾನ. ನಾಯಿ ಸರಿಯಾಗಿ ನಡೆದುಕೊಂಡ ಕ್ಷಣವೇ ಒಂದು ಗುರುತಿನ ಶಬ್ದ ಕೇಳಿಸಬೇಕು, ಅದರ ಬೆನ್ನಿಗೇ ತಿನಿಸು ಸಿಗಬೇಕು. ತಿನಿಸು ರಾಗಿ ಮುದ್ದೆಯ ಚೂರು. ಗುರುತಿನ ಶಬ್ದಕ್ಕೆ ಮನೆಮಾತಿನ ಪದವೇ ಇರಲೆಂದು ನಾನೇ ‘ತಕೋ’ ಎಂಬುದನ್ನು ಆರಿಸಿದೆ.

ಪಕ್ಕೆಯ ನೋವು ತುಸು ತಗ್ಗುವವರೆಗೆ ಎರಡು ವಾರ ಕಾದು, ಸರಪಳಿಯಲ್ಲಿದ್ದ ಕರಿಯನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತೆ. ಅದು ಶಾಂತವಾಗಿ ನನ್ನನ್ನು ನೋಡಿತು. ಮುದ್ದೆ ಹಿಡಿದ ಕೈ ಚಾಚಿ “ತಕೋ” ಎಂದೆ.

ಅದರ ಹಲ್ಲುಗಳು ನನ್ನ ಮುಂಗೈಯ ಎಲುಬಿಗೆ ತಾಗಿದವು. ಬಿಡಲಿಲ್ಲ, ತಲೆ ಕೊಡವಿ ಮಾಂಸವನ್ನು ಹರಿಯಿತು. ಕೆಂಪಣ್ಣ ಕಾವು ಎತ್ತಿಕೊಂಡು ಓಡಿ ಬಂದರು. ಸರಪಳಿಯ ಅಳತೆಯಿಂದಾಚೆಗೆ ಉರುಳಿದ ನಾನು ಎದ್ದು ಅವರಿಗೆ ಅಡ್ಡ ನಿಂತು ಕೇಳಿದೆ: “ಅವತ್ತು ಹೊಡೆಯುವಾಗ ಬಾಯಲ್ಲಿ ಏನು ಹೇಳುತ್ತಿದ್ದಿರಿ?”

ಉತ್ತರ ಕೊಟ್ಟವರು ಗೌರಮ್ಮ. “ಇನ್ನೇನ್ ಅಂತದೆ ಈವಯ್ಯ? ಒಂದೊಂದ್ ಏಟ್ಗೂ ‘ತಕೋ ಮಗ್ನೆ, ತಕೋ’ ಅಂತಿತ್ತು.”

ಗಾಯವನ್ನು ಸೋಪಿನಲ್ಲಿ ತೊಳೆಯುತ್ತಾ ಯೋಚಿಸಿದೆ. ನಾಯಿ ತಪ್ಪು ಮಾಡಿರಲಿಲ್ಲ. ಕಲಿಸಿದ್ದನ್ನು ಚೆನ್ನಾಗಿಯೇ ಕಲಿತಿತ್ತು. (ಕಚ್ಚಿದ್ದು ಬುಧವಾರ ಎನ್ನುತ್ತದೆ ನನ್ನ ದಿನಚರಿ, ರೇಬೀಸ್ ಚುಚ್ಚುಮದ್ದಿನ ಚೀಟಿ ಮಂಗಳವಾರ ಎನ್ನುತ್ತದೆ. ಚೀಟಿಯನ್ನೇ ನಂಬುತ್ತೇನೆ.) ಕಚ್ಚಿಸಿಕೊಂಡವನು ನಾನು, ತಪ್ಪೂ ನನ್ನದೇ ಎಂದು ವಾದಿಸಿ ಕೆಂಪಣ್ಣನವರಿಂದ ಒಂದು ತಿಂಗಳ ಗಡುವು ಪಡೆದೆ.

ಗೌರಮ್ಮ ಮುದ್ದೆ ಹಾಕುವಾಗ ತುಟಿ ಸೇರಿಸಿ ಲೊಚಗುಟ್ಟುತ್ತಿದ್ದರು. ಆ ಶಬ್ದಕ್ಕೆ ಏಟಿನ ನೆನಪು ಅಂಟಿರಲಿಲ್ಲ. ಅದನ್ನೇ ಗುರುತು ಮಾಡಿಕೊಂಡೆವು. ಮೊದಲು ಅವರು ದೂರದಿಂದ, ಆಮೇಲೆ ಹತ್ತಿರದಿಂದ. ಕೊನೆಗೆ, “ನಾಯಿಗೆ ಮುತ್ತು ಕೊಡೋ ಹಂಗೈತೆ” ಎಂದು ನಾಚುತ್ತಲೇ ಕೆಂಪಣ್ಣ.

ಗಡುವು ಮುಗಿಯಲು ಎರಡು ದಿನ ಇದ್ದಾಗ ಒಂದು ಸಂಜೆ ನಾನು ಅಲ್ಲಿದ್ದೆ. ಅಷ್ಟರಲ್ಲಿ ಕರಿಯನ ಸರಪಳಿ ಬಿಚ್ಚಿ ಮತ್ತೆ ರೊಪ್ಪದ ಕಾವಲಿಗೆ ಬಿಟ್ಟಿದ್ದರು. ರೊಪ್ಪದಲ್ಲಿ ಕಿರುಚಾಟ ಕೇಳಿ ಓಡಿದೆವು. ಬೇಲಿ ನುಸುಳಿ ಬಂದಿದ್ದ ಎರಡು ಬೀದಿನಾಯಿಗಳಲ್ಲಿ ಒಂದು ಆಗಲೇ ಹೊರಗೆ ಓಡುತ್ತಿತ್ತು. ಇನ್ನೊಂದರ ಗಂಟಲು ಕರಿಯನ ಬಾಯಲ್ಲಿತ್ತು. ಅವುಗಳ ಕಾಲಡಿಯಲ್ಲಿ, ಹೊಟ್ಟೆ ಹರಿದ ಮರಿಯೊಂದು ಇನ್ನೂ ಒದ್ದಾಡುತ್ತಿತ್ತು. ಹೊಸತೊಡಕಿನ ದಿನ ಮರಿಯನ್ನು ಕೊಂದದ್ದು ಯಾರೆಂದು ಯಾರೂ ಕಣ್ಣಾರೆ ಕಂಡಿರಲಿಲ್ಲವೆಂಬುದು ಆಗ ನಮ್ಮೆಲ್ಲರಿಗೂ ಹೊಳೆಯಿತು.

ಕೆಂಪಣ್ಣನವರ ಕೈಯಲ್ಲಿ ಕಾವು ಮೇಲೆತ್ತಿದಂತೆಯೇ ಇತ್ತು. ಬಾಯಿ ಒಣಗಿ ಮೊದಲ ಸಲ ಶಬ್ದ ಹೊರಡಲಿಲ್ಲ. ತುಟಿ ಸವರಿಕೊಂಡು ಲೊಚಗುಟ್ಟಿದರು. ಕರಿಯ ಹಿಡಿತ ಬಿಟ್ಟಿತು. ರಕ್ತ ತೊಟ್ಟಿಕ್ಕುವ ಮೂತಿಯೊಡನೆ, ಎತ್ತಿದ ಆ ಕೋಲಿನ ಕೆಳಗೇ ಬಂದು ಕುಳಿತಿತು.

ಕಲಿಸುವವನು ಕಲಿಯುವವರ ಹಳೆಯ ಪಾಠವನ್ನು ಮೊದಲು ವಿಚಾರಿಸಬೇಕು ಎಂಬುದನ್ನು ನನ್ನ ವೃತ್ತಿ ಹೇಳಿಕೊಟ್ಟದ್ದು ನಿವೃತ್ತಿಯ ನಂತರ, ಮುಂಗೈಯ ಆರು ಹೊಲಿಗೆಗಳಲ್ಲಿ. ಕೆಂಪಣ್ಣ ಕಲಿತದ್ದೇನೆಂದು ನಾನು ಕೇಳಲಿಲ್ಲ. ಅವರು ಕಾವನ್ನು ಕೆಳಗಿಟ್ಟು ಗೌರಮ್ಮನತ್ತ ತಿರುಗಿ, “ಮುದ್ದೆ ತತ್ತಾರಮ್ಮಿ. ಬಿರ್‍ರನೆ ತಾ, ಕಾಯ್ತಾ ಐತೆ,” ಎಂದರು.