ದುರುಗೇಶ ಕೂಗಿದ ‘ಬಿಡು’

ಬಿಳಿಚೋಡಿನ ದುರುಗೇಶನನ್ನು ಒಂದು ಕಡೆ ನಿಲ್ಲಿಸುವುದು ಸಾಮಾನ್ಯದ ಕೆಲಸವಲ್ಲ. ಬುದ್ಧಿ ಬಂದಾಗಿನಿಂದ ಕುರಿಯ ಹಿಂದೆ ನಡೆದ ಕಾಲು ಅದು. ದಿನಕ್ಕೆ ಹತ್ತು ಹದಿನೈದು ಕಿಲೋಮೀಟರು ನಡೆಯದಿದ್ದರೆ ನಿದ್ದೆ ಹತ್ತದು. ಹಾಸ್ಟೆಲ್ ಸೀಟು ಸಿಕ್ಕಿತೆಂದು ಚನ್ನಗಿರಿಗೆ ಬಂದು ಡಿಗ್ರಿ ಸೇರಿದವನು ಕ್ಲಾಸಿನಲ್ಲೂ ಬೆಂಚಿನ ತುದಿಯಲ್ಲೇ ಕೂರುತ್ತಿದ್ದ, ಬೆಲ್ಲು ಹೊಡೆದ ತಕ್ಷಣ ಏಳಲು.

ಅಂಥವನನ್ನು ಪಿ.ಟಿ. ಮಹೇಶ್ವರಪ್ಪ ಸರ್ ಫುಟ್‌ಬಾಲ್ ತಂಡದ ಗೋಲ್ ಕೀಪರ್ ಮಾಡಿದರು. ಓಡುವ ಕುರಿಮರಿಯ ಹಿಂಗಾಲು ಹಿಡಿದು ನಿಲ್ಲಿಸುವವನ ಕೈಯಿಂದ ಚೆಂಡು ಜಾರುವುದಿಲ್ಲ ಅನ್ನುವುದು ಅವರ ನಂಬಿಕೆ. ನಂಬಿಕೆ ಸುಳ್ಳಾಗಲಿಲ್ಲ. ಆದರೆ ಎರಡು ಕಂಬದ ನಡುವೆ ಎಂಟು ಹೆಜ್ಜೆ ಜಾಗ. ಅದರಲ್ಲೇ ಆಚೆ ಈಚೆ, ಆಚೆ ಈಚೆ. ಆಟ ಮುಗಿಯುವಷ್ಟರಲ್ಲಿ ಗೋಲಿನ ಮುಂದೆ ಹುಲ್ಲು ಸವೆದು ಕಾಲುದಾರಿ ಬಿದ್ದಿರುತ್ತಿತ್ತು.

ಈಗ ಅವನದು ಕೊನೆಯ ವರ್ಷ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕು ಊರಿನ ಕಾಲೇಜುಗಳ ಪಂದ್ಯಾವಳಿ. ನಾಲ್ಕರಲ್ಲಿ ಎರಡು ತಂಡ ಮುಂದಕ್ಕೆ, ಯೂನಿವರ್ಸಿಟಿ ಮಟ್ಟಕ್ಕೆ. ಅಲ್ಲಿ ಗೋಲಿನಲ್ಲಿ ನಿಲ್ಲಬೇಕು, ಅದೊಂದೇ ಅವನ ಆಸೆ.

ಮೊದಲ ಪಂದ್ಯ ಬಿದ್ದದ್ದು ಜಗಳೂರಿನಲ್ಲಿ, ಅವನ ತಾಲ್ಲೂಕಿನಲ್ಲೇ. ಬಿಳಿಚೋಡಿನಿಂದ ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು. ಅಜ್ಜಿ ಗಾದ್ರಮ್ಮನೂ ಬಂದಿದ್ದಳು. ಆಟ ನೋಡಿ ನೋಡಿ ಅವಳಿಗೆ ಬೇಜಾರಾಯಿತು.

“ಎಲ್ರೂ ಓಡಾಡ್ತಾರೆ, ನಮ್ಮೋನ್ನ ಮಾತ್ರ ಯಾಕೆ ಬಲೆಗೆ ಕಟ್ಟಿ ಹಾಕಿದಾರೆ?” ಅಂದಳು ಪಕ್ಕದವರಿಗೆ.

ದ್ವಿತೀಯಾರ್ಧದಲ್ಲಿ ಒಂದು ಚೆಂಡು ಮೇಲಕ್ಕೆದ್ದು ನಿಧಾನವಾಗಿ ಗೋಲಿನ ಕಡೆ ಬಂತು. ಆತುರದ ಪ್ರಾಣಿ ದುರುಗೇಶ, ಗೋಲು ಬಿಟ್ಟು ಕೈ ಚಾಚಿಕೊಂಡು ಮುಂದೆ ಓಡಿದ. ಅದೇ ಚೆಂಡಿಗೆ ಅವರದೇ ಕ್ಯಾಪ್ಟನ್, ನಲ್ಲೂರಿನ ವಿನಯ್ ಕುಮಾರನೂ ಓಡುತ್ತಿದ್ದ. ದುರುಗೇಶ ಎದೆ ಬಿರಿಯುವ ಹಾಗೆ “ಬಿಡು!” ಎಂದು ಕೂಗಿದ. ವಿನಯ್ ತಿರುಗಿಯೂ ನೋಡಲಿಲ್ಲ. ತಲೆಯಿಂದ ಹಿಂದಕ್ಕೆ ಗುದ್ದಿದ. ಚೆಂಡು ಎದುರಿಗೆ ಬಂದಿದ್ದ ದುರುಗೇಶನ ತಲೆಯ ಮೇಲಿನಿಂದ ಹಾರಿ, ಎರಡು ಪುಟ ಪುಟಿದು, ಖಾಲಿ ಗೋಲಿನೊಳಗೆ ಹೋಗಿ ಕೂತಿತು. ಅದೊಂದೇ ಗೋಲು. ಸೋತರು.

ವಾಪಸ್ ಬಸ್ಸಿನಲ್ಲಿ ಇಬ್ಬರಿಗೂ ಹತ್ತಿಕೊಂಡಿತು. ನೀನೇ ಹೇಳಿದ್ದು ಅಂತ ವಿನಯ್, ಹೇಳಿದ್ದೇನು ನೀನು ಮಾಡಿದ್ದೇನು ಅಂತ ದುರುಗೇಶ. ಸಂತೆಬೆನ್ನೂರು ದಾಟುವಷ್ಟರಲ್ಲಿ ಮಾತೇ ನಿಂತಿತು. ಮಾರನೆಯ ದಿನ ವಿನಯ್ ಸರ್‌ಗೆ ಹೇಳಿದ: ತನ್ನ ಬೆನ್ನ ಹಿಂದೆ ಆ ಹುಡುಗ ಬೇಡ, ಒಂದು ಹೇಳಿ ಒಂದು ಮಾಡುತ್ತಾನೆ. ಸರ್ ಕ್ಯಾಪ್ಟನ್ನಿನ ಮಾತು ತೆಗೆದುಹಾಕಲಿಲ್ಲ.

ನ್ಯಾಮತಿಯ ಮೇಲಿನ ಪಂದ್ಯಕ್ಕೆ ಬದಲಿ ಹುಡುಗ ಪ್ರದೀಪ್ ಕೀಪರ್. ಮೂರು ಗೋಲು ಬಿಟ್ಟ, ಮುಂದೆ ಆಡುವವರು ನಾಲ್ಕು ಹೊಡೆದು ಮಾನ ಉಳಿಸಿದರು. ದುರುಗೇಶನಿಗೆ ಬೆಂಚಿನಲ್ಲಿ ಕೂರಲಾಗಲಿಲ್ಲ. ಗೆರೆಯ ಹೊರಗೆ ಮೈದಾನ ಸುತ್ತಿದ, ಮತ್ತೆ ಸುತ್ತಿದ. ರೆಫರಿ ಆಟ ನಿಲ್ಲಿಸಿ ಬೈದಾಗ ಕೂತ, ಎರಡು ನಿಮಿಷ.

ಇನ್ನು ಹೊನ್ನಾಳಿಯೊಂದು. ಸೋಲದೆ ಬಂದರೆ ಸಾಕು, ಮುಂದಕ್ಕೆ ಹೋಗಬಹುದಿತ್ತು. ಭಾನುವಾರ ಬೆಳಿಗ್ಗೆ ಹಾಸ್ಟೆಲಿನ ಗೋಡೆಗಳು ಅವನನ್ನು ಹೊರಗೆ ದಬ್ಬಿದವು. ಕೈ ಮುಗಿದೋ ಜಗಳ ಮಾಡಿಯೋ ಕೇಳಿಯೇ ಬಿಡುವುದು ಅಂತ ನಲ್ಲೂರಿನ ಬಸ್ಸು ಹತ್ತಿದ.

ವಿನಯ್ ತೋಟದಲ್ಲಿದ್ದ. ಅಡಿಕೆ ಕೊಯ್ಲು ನಡೆದಿತ್ತು. ಮರದ ತುದಿಯಲ್ಲಿ ಒಬ್ಬ ಗೊನೆ ಕತ್ತರಿಸುತ್ತಿದ್ದ. ಮೇಲಿನಿಂದ ಓರೆಯಾಗಿ ಎಳೆದ ಹಗ್ಗದ ತುದಿಯನ್ನು ವಿನಯನ ಅಜ್ಜ ಮರುಳಪ್ಪ ಕೆಳಗೆ ಬಿಗಿಹಿಡಿದು ನಿಂತಿದ್ದರು. ದುರುಗೇಶ ಬಾಯಿ ತೆಗೆಯುವ ಮೊದಲೇ ಅಜ್ಜ ಮೇಲೆ ನೋಡಿ ಕೂಗಿದರು.

“ಬಿಡು!”

ಗೊನೆ ಹಗ್ಗದ ಮೇಲೆ ಸುಂಯ್ಯನೆ ಜಾರಿ ಬಂದು ಅಜ್ಜನ ಕಾಲ ಬಳಿ ಬಿತ್ತು. ವಿನಯ್ ಎತ್ತಿ ರಾಶಿಗೆ ಹಾಕಿದ. ಮತ್ತೆ “ಬಿಡು”, ಮತ್ತೆ ಗೊನೆ.

ದುರುಗೇಶ ನಿಂತಲ್ಲೇ ನಿಂತ. ಅವನ ಮನೆಯಲ್ಲಿ ಅದು ನಾಯಿಗೆ ಹೇಳುವ ಮಾತು. ನಾಯಿ ಕುರಿಯ ಕಾಲಿಗೆ ಬಾಯಿ ಹಾಕಲು ಹೋದರೆ ‘ಬಿಡು’ ಅನ್ನುತ್ತಾರೆ. ಮುಟ್ಟಬೇಡ, ದೂರ ಸರಿ ಅಂತ. ಇಲ್ಲಿ ಬಿಡು ಅಂದರೆ ನನ್ನ ಕಡೆ ಕಳಿಸು ಅಂತ.

“ವಿನಯಾ, ಅವತ್ತು ನಾನು ಬಿಡು ಅಂದಾಗ ನೀನು ಚೆಂಡನ್ನ ನನಗೆ ಕಳಿಸಿದ್ದೇನೋ?”

“ಮತ್ತೆ? ಬಿಡು ಅಂದ್ರೆ ಇಟ್ಕೊಂಡು ಪೂಜೆ ಮಾಡಾಕೆ ಆಗ್ತೈತಾ?”

“ನಾನು ಮುಟ್ಟಬ್ಯಾಡ ಅಂದಿದ್ದು ಕಣಲೇ. ನಮ್ಮ ನಾಯಿಗೂ ಹಂಗೇ ಅಂತೀವಿ.”

ವಿನಯ್ ಕೈಲಿದ್ದ ಗೊನೆ ಹಿಡಿದುಕೊಂಡೇ ಅವನನ್ನು ನೋಡಿದ. ನನ್ನನ್ನೇನು ನಾಯಿ ಮಾಡಿದ್ಯಾ ಅಂತ ಕೇಳುವವನಿದ್ದ, ಅಷ್ಟರಲ್ಲಿ ಅಜ್ಜ ನಡುವೆ ಬಂದರು.

“ನಾಯಿ ಮಾತೂ ಬ್ಯಾಡ, ತೋಟದ ಮಾತೂ ಬ್ಯಾಡ. ನಂದು ಅಂತ ಕೂಗು. ನಂದು ಅಂದ್ರೆ ಯಾರಿಗೆ ತಿಳಿಯಲ್ಲ?”

ಅಜ್ಜನ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಊಟ ಮಾಡಿಸಿ ಕಳಿಸಿದರು. ಸೋಮವಾರ ವಿನಯ್ ತಾನೇ ಹೋಗಿ ಸರ್ ಮುಂದೆ ತನ್ನ ಮಾತು ವಾಪಸ್ ತೆಗೆದುಕೊಂಡ. ಆದರೆ ಹೊರಗೆ ಬಂದು ದುರುಗೇಶನಿಗೆ ಇದೊಂದೇ ಸಲ ಅಂತಲೂ ಹೇಳಿದ.

ಹೊನ್ನಾಳಿಯಲ್ಲಿ ದುರುಗೇಶ ಕಂಡ ಚೆಂಡಿಗೆಲ್ಲ “ನಂದು” ಅಂದ. ಅರ್ಧ ಮೈದಾನದಾಚೆ ಇದ್ದದ್ದಕ್ಕೂ ಅಂದ. ಹೊನ್ನಾಳಿಯ ಹುಡುಗನೊಬ್ಬ ಓಡುತ್ತಲೇ, ಎಲ್ಲ ನಿಂದೇ ಆದ್ರೆ ನಾವು ಮನೆಗೆ ಹೋಗ್ತೀವಿ ಬಿಡಪ್ಪ ಅಂದು ನಕ್ಕ. ನಕ್ಕರೂ ಗೋಲು ಮಾತ್ರ ಆಗಲಿಲ್ಲ. ಮೂರು ಒಳ್ಳೆಯ ಹೊಡೆತ ಇವನ ಕೈಗೆ ಸಿಕ್ಕಿದವು, ಒಂದು ಎದೆಗೆ ಬಡಿದು ಹೊರಗೆ ಹೋಯಿತು.

ಕೊನೆಯ ನಿಮಿಷ. ಇಬ್ಬರಿಗೂ ಸೊನ್ನೆ. ಚೆಂಡು ಎತ್ತರಕ್ಕೆದ್ದು ಗೋಲಿನ ಮುಂದೆ ಇಳಿಯತೊಡಗಿತು. ದುರುಗೇಶ ಮುಂದೆ ಓಡಿದ, ವಿನಯ್ ಹಿಂದಕ್ಕೆ ಓಡಿ ಬಂದ. ದುರುಗೇಶ ಬಾಯಿ ತೆರೆದ. ಆಟವಿಡೀ ಕೂಗಿ ಕೂಗಿ ದನಿ ಬಿದ್ದುಹೋಗಿತ್ತು, ಗಾಳಿ ಮಾತ್ರ ಬಂತು.

ವಿನಯ್ ಒಂದು ಸಲ ತಿರುಗಿ ಅವನ ಮುಖ ನೋಡಿದ.

“ದುರ್ಗ, ನಿಂದು!” ಎಂದು ಕೂಗಿ ತಲೆ ತಗ್ಗಿಸಿ ಕೂತುಬಿಟ್ಟ.

ಅವನ ಬೆನ್ನ ಮೇಲಿನಿಂದ ಹಾರಿ ದುರುಗೇಶ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಬಿದ್ದ. ಏಳುವಷ್ಟರಲ್ಲಿ ರೆಫರಿ ವಿಸಿಲ್ ಊದಿದ್ದ.

ಬಸ್ಸಿನಲ್ಲಿ ಸರ್ ಯೂನಿವರ್ಸಿಟಿಗೆ ಕಳಿಸುವ ಫಾರಂ ಕೊಟ್ಟರು. ಕ್ಯಾಪ್ಟನ್ ತೊಡೆಯ ಮೇಲಿಟ್ಟುಕೊಂಡು ಬರೆಯಬೇಕು. ಮೊದಲ ಸಾಲು ಕೀಪರ್‌ದು. ವಿನಯ್ ಪೆನ್ನು ಹಿಡಿದು ಹಿಂದಿನ ಸೀಟಿಗೆ ತಿರುಗಿದ.

“ಲೇ, ನಿನ್ನ ಇನಿಷಿಯಲ್ ಏನೋ?”

“ಓ,” ಅಂದ ದುರುಗೇಶ, ಇದ್ದಷ್ಟು ದನಿಯಲ್ಲಿ.

“ಓಗೊಡಬ್ಯಾಡ, ಇನಿಷಿಯಲ್ ಹೇಳು.”

“ಅದೇ ಓ ಕಣೋ. ಓಬಳೇಶ. ನಮ್ಮಪ್ಪ.”

ಮೂರು ವರ್ಷ ಒಟ್ಟಿಗೆ ಆಡಿದ್ದರೂ ಇದನ್ನು ಕೇಳಿರಲಿಲ್ಲ. ವಿನಯ್ ನಗಲಿಲ್ಲ. ಬಸ್ಸು ಕುಲುಕುವುದು ನಿಲ್ಲಲಿ ಅಂತ ಕಾದು, ಮೊದಲ ಸಾಲಿನಲ್ಲಿ ‘ದುರುಗೇಶ ಓ.’ ಎಂದು ನೆಟ್ಟಗೆ ಬರೆದ.