ಎರಡು ಚೆಂಡುಹೂವಿನ ಹಾರ

ನನ್ನ ಗಂಡನಿಗೆ ಬಾಯಿಗಿಂತ ಕೈ ಮುಂದು. ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ಗೋಡೆಗೆ, ಎದುರು ಮಾತಾಡಿದರೆ ಏಟು ನನ್ನ ಕೆನ್ನೆಗೆ. ಅಮೆರಿಕದ ರೆಂಟನ್ ಊರಿನ ನಮ್ಮ ಅಪಾರ್ಟ್‌ಮೆಂಟಿನ ಗೋಡೆಗಳು ತೆಳು. ಹಾಗಾಗಿ ಹೊಡೆಯುವ ಮೊದಲು ಟೀವಿಯ ಸದ್ದು ಜೋರು ಮಾಡುವಷ್ಟು ಬುದ್ಧಿ ಅವನಿಗಿತ್ತು, ಎಂಜಿನಿಯರ್ ಅಲ್ಲವೇ! ಮಾತಾಡುವಾಗ ‘ಅವರು’ ಎನ್ನುತ್ತಿದ್ದೆ. ಬರೆಯುವಾಗ ಆ ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ. ಓದಿದವರಿಗೆ ಬೇಜಾರಾದರೆ ಆಗಲಿ.

ಆ ಶನಿವಾರ ನಾವಿಬ್ಬರೂ ನಾರ್ತ್ ಕ್ರೀಕ್‌ನಲ್ಲಿರುವ ಮೈದುನನ ಮನೆಗೆ ಹೋಗಿದ್ದೆವು. ಓರಗಿತ್ತಿ ಆಫೀಸಿನ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಳು, ಅಡುಗೆಗೆ ನಾನು. ಅವರ ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತು ಗುಟ್ಟು ಹೇಳಿದಳು. ಸಾಯಂಕಾಲ ಅವಳ ಕ್ಲಾಸಿನ ಒಬ್ಬ ಹುಡುಗ ಬರುತ್ತಾನಂತೆ, ಅವಳನ್ನು ಪ್ರಾಮ್‌ಗೆ ಕರೆಯಲು.

ಪ್ರಾಮ್ ಎಂದರೆ ಇಲ್ಲಿ ಶಾಲೆ ಮುಗಿಯುವ ಮುನ್ನ ಮಕ್ಕಳು ಅಲಂಕಾರ ಮಾಡಿಕೊಂಡು ಹೋಗಿ ಕುಣಿಯುವ ಒಂದು ಸಂಜೆ. ಅದಕ್ಕಿಂತ ದೊಡ್ಡ ಸಂಭ್ರಮ ಜೊತೆಗಾರರನ್ನು ಕರೆಯುವುದರಲ್ಲಿದೆ. ಸುಮ್ಮನೆ ಕೇಳಿದರೆ ಆಗುವುದಿಲ್ಲ. ಬೋರ್ಡು ಬರೆದುಕೊಂಡು, ಹೂ ಹಿಡಿದುಕೊಂಡು, ಮನೆ ಬಾಗಿಲಿಗೆ ಬಂದು, ನಾಲ್ಕು ಜನರ ಎದುರಿಗೇ ಕೇಳಬೇಕು.

“ಅಪ್ಪ ಏನಂತಾರೆ?” ಎಂದೆ.

“ಡೋಂಟ್ ವರಿ, ದೊಡ್ಡಮ್ಮ. ಐ ಹ್ಯಾವ್ ಎ ಪ್ಲಾನ್,” ಎಂದಳು.

ಊಟವಾದ ಮೇಲೆ ಅವಳು ಒಂದು ಸಿನಿಮಾ ಹಾಕಿದಳು, ಅದೇ ಅವಳ ಪ್ಲಾನು. ಪ್ರಾಮ್‌ಗೆ ಜೊತೆ ಹುಡುಕಿಕೊಂಡು ಅಲೆಯುವ ಪೆದ್ದು ಹುಡುಗನೊಬ್ಬನ ಕತೆ. ಒಬ್ಬಳು ಮುಖದ ಮೇಲೆ ಬಾಗಿಲು ಹಾಕುತ್ತಾಳೆ, ಇನ್ನೊಬ್ಬಳ ನಾಯಿ ಅವನ ಪ್ಯಾಂಟು ಹರಿಯುತ್ತದೆ. ಸಿನಿಮಾ ನೋಡಿ ಈ ಇಬ್ಬರು ಗಂಡಸರಿಗೆ ಪದ್ಧತಿ ಅರ್ಥವಾಗಲಿ, ನಕ್ಕು ಮನಸ್ಸು ಮೆತ್ತಗಾಗಲಿ ಎಂಬುದು ಅವಳ ಲೆಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ಗಂಡ. ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. “ಪಾಪ ಕಣ್ರೇ, ಯಾವಳಾದ್ರೂ ಒಬ್ಳು ಒಪ್ಕೊಳ್ರೇ!” ಎಂದು ಟೀವಿಗೆ ಬುದ್ಧಿ ಹೇಳಿದ. ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದ ನನ್ನ ಕಡೆ ನೋಡಿ ಹುಡುಗಿ ಹುಬ್ಬು ಹಾರಿಸಿದಳು. ನಾನೂ ನಂಬಿಬಿಟ್ಟೆ.

ಆಗ ಬೆಲ್ ಆಯಿತು.

ಬಾಗಿಲಲ್ಲಿ ಉದ್ದಕ್ಕೆ ಬೆಳೆದ, ಮೂಗಿನ ತುಂಬ ಕಂದು ಚುಕ್ಕಿಗಳಿದ್ದ ಒಬ್ಬ ಬಿಳಿ ಹುಡುಗ. ಕೋಟು ಹಾಕಿದ್ದ, ಒಂದು ಕೈಯಲ್ಲಿ ಬೋರ್ಡು. ಇನ್ನೊಂದು ತೋಳಿನ ಮೇಲೆ ಗುಲಾಬಿ ಅಲ್ಲ, ಇಂಡಿಯನ್ ಅಂಗಡಿಯಿಂದ ತಂದ ಚೆಂಡುಹೂವಿನ ಹಾರ. ಅದೂ ಒಂದಲ್ಲ, ಎರಡು. ಅಂಗಡಿಯವನು ‘ಒಂದು ಬೇಕಾ, ಜೋಡಿ ಬೇಕಾ’ ಎಂದು ಕೇಳಿದನಂತೆ. ಜೋಡಿಯಾದರೆ ಮರ್ಯಾದೆ ಹೆಚ್ಚು ಇರಬೇಕೆಂದು ಈ ಪುಣ್ಯಾತ್ಮ ಎರಡು ತಂದಿದ್ದ. ಹುಡುಗಿ ನಗುತ್ತಾ ತಲೆ ಬಗ್ಗಿಸಿದಳು. ಒಂದು ಹಾರ ಅವಳ ಕೊರಳಿಗೆ ಹಾಕಿದ, ಇನ್ನೊಂದು ಅವಳ ಕೈಗೆ ಕೊಟ್ಟು ತಾನು ತಲೆ ಬಗ್ಗಿಸಿ ನಿಂತ. ಸೌಟು ಹಿಡಿದು ಬಾಗಿಲಿಗೆ ಬಂದಿದ್ದ ನನಗೂ ಒಂದು ಗಳಿಗೆ ಎದೆ ಧಸಕ್ಕೆಂದಿತು, ಆಮೇಲೆ ನಗು ಬಂತು.

ನನ್ನ ಗಂಡನಿಗೆ ನಗು ಬರಲಿಲ್ಲ.

“ನಮ್ಮನೆ ಹೆಣ್ಣಿಗೆ ಹಾರ ಹಾಕ್ತೀಯೇನೋ, ಬೋಳಿಮಗನೇ!” ಎಂದು ಕೂಗುತ್ತಾ ಎದ್ದು ಬಂದ. ಹುಡುಗನಿಗೆ ಏನು ಅರ್ಥವಾಯಿತೋ, ದೊಡ್ಡವರು ಬಂದರೆಂದು ಕೈ ಕುಲುಕಲು ಕೈ ಚಾಚಿದ. ಮೊದಲ ಗುದ್ದು ಬಾಯಿಗೆ ಬಿತ್ತು. ಆಮೇಲೆ ನನ್ನ ಗಂಡ ಹುಡುಗಿಯ ಕೊರಳಿನ ಹಾರಕ್ಕೆ ಕೈ ಹಾಕಿ ಎಳೆದ. ದಾರ ಕಡಿಯಲಿಲ್ಲ, ಕತ್ತಿನ ಚರ್ಮ ಕೊಯ್ದಿತು. ಅವಳು ಚೀರಿದಳು. ಬಾಯಿಂದ ರಕ್ತ ಸೋರುತ್ತಿದ್ದರೂ ಹುಡುಗ ಬಿಡಿಸಲು ಬಂದ. ಅವನ ಎದೆಗೆ ಒದ್ದು ಮೆಟ್ಟಿಲ ಮೇಲೆ ಕೆಡವಿದ. ಕೈ ಊರಿ ಬಿದ್ದ ಹುಡುಗನ ಮಣಿಕಟ್ಟು ಲಟಕ್ಕೆಂದಿತು. ಇಳಿದು ಹೋಗಿ, ಬಿದ್ದವನ ಪಕ್ಕೆಗೆ ಮತ್ತೆ ಒದ್ದ, ಮತ್ತೆ ಒದ್ದ. ಪಕ್ಕೆಗೆ ಒದೆ ಬೀಳುವ ಸದ್ದು ನನಗೆ ಹೊಸದಲ್ಲ. ಆದರೆ ನಾನು ಅದನ್ನು ಕೇಳಿದ್ದು ಒದೆಸಿಕೊಳ್ಳುವಾಗ. ದೂರ ನಿಂತು ಕೇಳಿದ್ದು ಅದೇ ಮೊದಲು, ಇಷ್ಟು ಅಸಹ್ಯವಾಗಿರುತ್ತದೆ ಎಂದು ಗೊತ್ತಿರಲಿಲ್ಲ.

ಸೌಟು ಬಿಸಾಕಿ ಹುಡುಗನ ಮೇಲೆ ಬಿದ್ದೆ. ಮುಂದಿನ ಒದೆ ನನ್ನ ಸೊಂಟಕ್ಕೆ ಬಿತ್ತು. ಅಷ್ಟು ಹೊತ್ತಿಗೆ ಮೈದುನ ಬಂದು ಅಣ್ಣನನ್ನು ಹಿಂದಿನಿಂದ ಅವುಚಿ ಹಿಡಿದು ಒಳಗೆ ಎಳೆದುಕೊಂಡು ಹೋದ. ಚೀರಾಟ ಕೇಳಿ ಹೊರಗೆ ಬಂದ ಎದುರುಮನೆಯಾಕೆ ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದಳು.

ಹುಡುಗಿ ಟವೆಲ್ ತಂದು ಹುಡುಗನ ಬಾಯಿಗೆ ಒತ್ತಿ ಹಿಡಿದು ಮೆಟ್ಟಿಲ ಮೇಲೆ ಕೂತಳು. ಮೈದುನ ನನ್ನನ್ನು ಅಡುಗೆಮನೆಗೆ ಕರೆದು ಕೈ ಮುಗಿದ. ಒಳ್ಳೆಯವನು, ಯಾರಿಗೂ ಕೆಟ್ಟದ್ದು ಬಯಸುವವನಲ್ಲ, ಅಂಥವರೇ ಹೀಗೆ ಕೈ ಮುಗಿಯುವುದು.

“ಅತ್ತಿಗೆ, ಜಾರಿ ಬಿದ್ದ ಅಂತ ಹೇಳ್ಬಿಡಿ. ಮೆಟ್ಟಿಲು ಒದ್ದೆ ಇತ್ತಲ್ಲ. ನಾವು ಮೂವರೂ ಒಂದೇ ಮಾತು ಹೇಳಿದ್ರೆ ನಂಬ್ತಾರೆ. ಅಣ್ಣನಿಗೆ ಇನ್ನೂ ಗ್ರೀನ್‌ಕಾರ್ಡ್ ಬಂದಿಲ್ಲ, ಕೇಸಾದ್ರೆ ಕೆಲಸ ಹೋಗುತ್ತೆ. ನಿಮ್ಮ ವೀಸಾನೂ ಅವನ ಮೇಲೇ ಇರೋದು. ಇಬ್ರೂ ಗಂಟುಮೂಟೆ ಕಟ್ಬೇಕಾಗುತ್ತೆ. ಇಂಥದ್ದು ಹೇಳಿ ನಿಮಗೆ ಅಭ್ಯಾಸ ಇದೆ, ನೀವು ಹೇಳಿದ್ರೆ ಸರಿಯಾಗಿರುತ್ತೆ.”

ಬಚ್ಚಲಲ್ಲಿ ಜಾರಿದೆ, ಕಾರಿನ ಬಾಗಿಲು ತಗುಲಿತು, ಕಪಾಟಿನಿಂದ ಡಬ್ಬ ಬಿತ್ತು. ಡಾಕ್ಟರುಗಳ ಮುಂದೆ ಇಂಥದ್ದನ್ನು ಹೇಳುವುದರಲ್ಲಿ ನಾನು ಪಳಗಿದವಳು. ಅದು ನನ್ನೊಬ್ಬಳ ಗುಟ್ಟು ಎಂದುಕೊಂಡಿದ್ದೆ. ಮೈದುನನಿಗೂ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ನಾನು ಬಡಿಸಿದ್ದನ್ನು ಉಂಡು, ಚೆನ್ನಾಗಿದೆ ಅತ್ತಿಗೆ ಎಂದು ಎದ್ದು ಹೋಗುತ್ತಿದ್ದ.

ಹುಡುಗನನ್ನು ಆಂಬ್ಯುಲೆನ್ಸಿಗೆ ಹತ್ತಿಸಿದರು. ತುಟಿ ಊದಿಕೊಂಡು ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಇಬ್ಬರು ಪೊಲೀಸರು ಒಳಗೆ ಬಂದರು. ಅವರಲ್ಲಿ ಹೆಂಗಸೊಬ್ಬಳು ಒಬ್ಬೊಬ್ಬರನ್ನೇ ವಿಚಾರಿಸಿದಳು. ಹುಡುಗಿ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಹುಡುಗ ಜಾರಿ ಬಿದ್ದ ಎಂದ ನನ್ನ ಗಂಡ. ಹುಡುಗಿ ಅತ್ತು ಅತ್ತು ಗಾಬರಿಯಾಗಿದ್ದಾಳೆ, ಜಾರಿದ್ದು ನಿಜ ಎಂದು ಮೈದುನ ತಲೆ ತಗ್ಗಿಸಿ ಹೇಳಿದ. ಸ್ವಂತ ಮಗಳನ್ನು ಸುಳ್ಳುಗಾರ್ತಿ ಮಾಡಿದ. ಅವಳು ಅಪ್ಪನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆ ಪೊಲೀಸಿನವಳೂ ನನ್ನ ಕಡೆ ತಿರುಗಿದಳು.

ವಾಪಸ್ಸು ಹೋಗಿ ಎಲ್ಲಿರಲಿ, ಯಾರ ಮನೆ ಬಾಗಿಲು ತಟ್ಟಲಿ ಎಂಬುದೆಲ್ಲ ತಲೆಯಲ್ಲಿ ಬಂದು ಹೋಯಿತು.

“ಹುಡುಗ ಜಾರಲಿಲ್ಲ. ಇವರು ಹೊಡೆದರು,” ಎಂದೆ ನನಗೆ ಬಂದ ಇಂಗ್ಲಿಷಿನಲ್ಲಿ.

ನನ್ನ ಗಂಡ ಕೂತಲ್ಲಿಂದಲೇ, ಪೊಲೀಸರ ಮುಂದೆಯೇ, ಮುಖದ ಮೇಲಿನ ನಗು ಮಾಸದ ಹಾಗೆ, ಮೆತ್ತನೆಯ ದನಿಯಲ್ಲಿ ಕನ್ನಡದಲ್ಲಿ ಹೇಳಿದ: “ಮನೇಗ್ ಬಾ. ಈ ಸಲ ಎದ್ದೇಳ್ದಂಗೆ ಮಾಡ್ತೀನಿ.”

ಏನಂದರು ಎಂದು ಪೊಲೀಸಿನವಳು ಕೇಳಿದಳು. “ಏನಿಲ್ಲ, ಮಾತ್ರೆ ಕೇಳುತ್ತಿದ್ದಾನೆ,” ಎಂದ ಮೈದುನ.

ಮಕ್ಕಳು ಕನ್ನಡ ಆಡುವುದಿಲ್ಲವಲ್ಲ, ಅವರಿಗೆ ತಿಳಿಯುವುದೂ ಇಲ್ಲ ಎಂದು ಇಲ್ಲಿನ ನಮ್ಮ ಗಂಡಸರು ನಂಬಿದ್ದಾರೆ. ಹುಡುಗಿ ಎದ್ದು ನಿಂತು, ಒಂದು ಮಾತೂ ಬಿಡದೆ, ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ‘ಈ ಸಲ’ ಎಂಬುದನ್ನೂ ಸೇರಿಸಿ.

ಪೊಲೀಸಿನವಳು ನನ್ನ ಗಂಡನಿಗೂ ನನಗೂ ನಡುವೆ ಬಂದು, ಅವನಿಗೆ ಬೆನ್ನು ಹಾಕಿ ನಿಂತಳು. ಈ ಸಲ ಎಂದರೆ ಏನು, ಹಿಂದೆ ಯಾವಾಗಲಾದರೂ ನಿಮ್ಮ ಮೇಲೆ ಕೈ ಮಾಡಿದ್ದಾರಾ ಎಂದು ಕೇಳಿದಳು.

ನಾನು ಊಟದ ಮೇಜಿನ ಕುರ್ಚಿಯೊಂದನ್ನು ಅವಳ ಕಡೆಗೆ ಎಳೆದೆ.

“ಕೂತುಕೊಳ್ಳಿ. ಹೇಳಿ ಮುಗಿಸಲು ಹೊತ್ತಾಗುತ್ತದೆ,” ಎಂದೆ.