ಹಾಯಿದೋಣಿಯ ಮೈ ಮುಟ್ಟಲು

ಕುಲಗೋಡದಲ್ಲಿ ಗೋಕಾಕದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಹಿರಿಯರೊಬ್ಬರು ಕುಳಿತಿದ್ದರು. ಹೆಸರು ಯಲ್ಲಪ್ಪ. ನೌಕಾಪಡೆಯಿಂದ ನಿವೃತ್ತರಾಗಿ ಈಗ ಕಬ್ಬು ಬೆಳೆಯುತ್ತಾರೆ.

"ಎಲ್ಲಿಗೆ ಹೊಂಟೀರಿ?" ಎಂದೆ.

"ಕೊಚ್ಚಿಗ್ರಿ. ನಮ್ಮ ಹಾಯಿದೋಣಿ ನೋಡಾಕ."

ಅದು ಕಟ್ಟಿಗೆಯ ದೋಣಿ. ಪಂದ್ಯ ಗೆಲ್ಲಲೆಂದು ಯಾರೋ ಸಿರಿವಂತರು ಕಟ್ಟಿಸಿದ್ದಂತೆ. ಮುಂದೆ ನೌಕಾಪಡೆಯ ಹೊಸಬರಿಗೆ ಅದೇ ಶಾಲೆಯಾಯಿತು. ಅಲ್ಲಿಯವರೆಗೆ ಕಾಲುವೆಯ ನೀರನ್ನಷ್ಟೇ ಕಂಡಿದ್ದ ಯಲ್ಲಪ್ಪನವರು ಹಾಯಿ ಏರಿಸಲು ಕಲಿತದ್ದು ಅದರ ಮೇಲೆ.

"ಎಂಜಿನ್ ಸಪ್ಪಳ ಇರಲಿಲ್ರಿ. ನೀರು ಸೀಳೂದು ಅಷ್ಟ ಕೇಳತಿತ್ತು. ಆಮ್ಯಾಲ ದೊಡ್ಡ ದೊಡ್ಡ ಹಡಗಿನ್ಯಾಗ ದುಡದೆ. ಖರೆ ಹೇಳತೇನಿ, ಆ ಸುಖ ಮತ್ತ ಸಿಗಲಿಲ್ಲ."

ಅದನ್ನು ದುರಸ್ತಿ ಮಾಡಿ ಮತ್ತೆ ನೀರಿಗಿಳಿಸುತ್ತಿದ್ದಾರೆಂದು ಹಳೆಯ ಗೆಳೆಯ ಫೋನಿನಲ್ಲಿ ತಿಳಿಸಿದನಂತೆ.

"ಹಂಗಾದ್ರ ಮತ್ತೊಮ್ಮಿ ಹೋಗಿ ಬರ್ರಿ ಸಮುದ್ರದಾಗ."

"ಮ್ಯಾಲ ಹತ್ತಾಕ ಬಿಡಂಗಿಲ್ಲಂತರಿ, ವಯಸ್ಸಾತಲ್ಲ."

ದೂರದಲ್ಲಿ ಬಸ್ಸು ಕಾಣಿಸಿತು. ಅವರು ಅಂಗೈಗಳನ್ನು ನೋಡಿಕೊಂಡರು.

"ದಂಡಿಮ್ಯಾಲ ನಿಂತು ಅದರ ಮೈ ಒಮ್ಮಿ ಮುಟ್ಟಿ ಬರತೇನ್ರಿ. ಮುಟ್ಟಾಕರೆ ಬ್ಯಾಡ ಅನ್ನಂಗಿಲ್ಲಲ್ಲ?"

ಅಪ್ಪಣೆ ಕೊಡುವವನು ನಾನೇ ಎಂಬಂತೆ ನನ್ನ ಮುಖ ನೋಡಿದರು.

"ಅನ್ನಂಗಿಲ್ರಿ," ಎಂದೆ.

ಅವರು ಎದ್ದು ಚೀಲವನ್ನು ಹೆಗಲಿಗೇರಿಸಿಕೊಂಡರು.